ಬಡಿಸುವವನ ಬಲಗಡೆ

ಭುಜಂಗನನ್ನು ನಾನು ಮೊದಲು ಕಂಡದ್ದು ಡೊಂಬಿವಲಿಯ ನಮ್ಮ ಕನ್ನಡ ಸಂಘದ ಅಟ್ಟವನ್ನು ಬರಿದು ಮಾಡಿದ ದಿನ. ಸಂಘದವರು ವರ್ಷಕ್ಕೊಂದು ಸ್ಮರಣ ಸಂಚಿಕೆಯನ್ನು ಅಚ್ಚು ಹಾಕಿಸುತ್ತಿದ್ದರು. ಅದನ್ನು ಯಾರೂ ಓದುತ್ತಿರಲಿಲ್ಲ. ಪುಕ್ಕಟೆ ಕೊಟ್ಟರೂ ಮನೆಗೆ ಒಯ್ಯುತ್ತಿರಲಿಲ್ಲ. ಅಟ್ಟದ ತುಂಬ ಅವೇ ಕಟ್ಟುಗಳು. ಗೆದ್ದಲು ಕೂಡ ಅಧ್ಯಕ್ಷರ ಮುನ್ನುಡಿಯವರೆಗೆ ಬಂದು, ಮುಂದೆ ಹೋಗುವ ಮನಸ್ಸಾಗದೆ ಬಿಟ್ಟಿತ್ತು. ರಾತ್ರಿ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿದ್ದ ನನಗೆ ಸಂಘದ ಪುಸ್ತಕಗಳ ಬೀಗದ ಕೈಯನ್ನು ಒಪ್ಪಿಸಿದ್ದರು. ಆದ್ದರಿಂದ ರದ್ದಿಯವನನ್ನು ಕರೆಸುವ ಪುಣ್ಯವೂ ನನ್ನ ಪಾಲಿಗೇ ಬಂತು.

ಟೆಂಪೋದಿಂದ ಇಳಿದವನು ರದ್ದಿಯವನಂತೆ ಕಾಣಲಿಲ್ಲ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಎರಡು ಬೆರಳಿಗೆ ಉಂಗುರ, ಎದೆಯ ಮೇಲೆ ದಾರದಲ್ಲಿ ತೂಗುವ ಕನ್ನಡಕ. ಬಂದವನೇ ಒಂದು ಸಂಚಿಕೆಯನ್ನೆತ್ತಿ, ಅದರ ಹೊಳೆಯುವ ಹೊದಿಕೆಯನ್ನು ಸರ್ರನೆ ಹರಿದು ನನ್ನ ಕೈಗಿತ್ತನು.

“ಒಳಗಿನದ್ದು ಎಲ್ಲ ಬೇಕು ಮಾಸ್ತ್ರೇ. ಇದು ಬೇಡ.”

“ಯಾಕೆ? ಅಧ್ಯಕ್ಷರ ಚಿತ್ರ ಇದೆಯೆಂದೋ?”

“ಅಧ್ಯಕ್ಷರು ಇದ್ರೆ ಎಂತ, ಅವರು ಕರಗ್ತಾರೆ. ಮೇಲಿನ ಪ್ಲಾಸ್ಟಿಕ್ ಉಂಟಲ್ಲ, ಅದು ಕರಗುವುದಿಲ್ಲ. ನನ್ನ ಲಗ್ದಾ ಹಾಳು ಮಾಡ್ತದೆ.”

ಕಾಗದವನ್ನು ನೀರಿನಲ್ಲಿ ನೆನೆಯಿಸಿ ಕಡೆದಾಗ ಆಗುವ ಹಿಟ್ಟಿಗೆ ಈ ಕಡೆಯ ಕಾರ್ಖಾನೆಗಳಲ್ಲಿ ಲಗ್ದಾ ಎನ್ನುತ್ತಾರೆ. ಅವನು ಕಿಸೆಯಿಂದ ಒಂದು ಚೀಟಿಯನ್ನು ತೆಗೆದುಕೊಟ್ಟನು. ‘ಭುಜಂಗ ಪಲ್ಪ್ ಇಂಡಸ್ಟ್ರೀಸ್, ಡೊಂಬಿವಲಿ ಎಂಐಡಿಸಿ. ಮ್ಯಾನೇಜಿಂಗ್ ಡೈರೆಕ್ಟರ್: ಭುಜಂಗ.’ ಬೇರೆ ಡೈರೆಕ್ಟರುಗಳು ಎಷ್ಟು ಜನರೆಂದು ಕೇಳಿದೆ. “ಹೆಂಡತಿ ಇದ್ದಾಳೆ,” ಎಂದನು. ಊರಿನಲ್ಲಿ ಮಾತ್ರ ಈ ಡೈರೆಕ್ಟರನಿಗೆ ರದ್ದಿ ಭುಜಂಗ ಎಂದೇ ಹೆಸರು.

ಆಮೇಲೆ ಅವನ ಕಾರ್ಖಾನೆಗೆ ಹೋಗಿ ನೋಡಿದೆ. ನೋಡದೆ ಬಿಡುವ ಹಾಗಿರಲಿಲ್ಲ, ಸ್ಟೇಷನ್ನಿನಲ್ಲಿ ಕಂಡಾಗಲೆಲ್ಲ “ಯಾವಾಗ ಬರ್ತೀರಿ?” ಎಂದು ಲೋಕಲ್ ಗಾಡಿಯನ್ನೇ ತಪ್ಪಿಸುತ್ತಿದ್ದನು. ಕಾರ್ಖಾನೆಯೆಂದರೆ ತಗಡಿನ ಮಾಡಿನ ಒಂದು ಶೆಡ್ಡು. ಒಂದು ಮೂಲೆಯಲ್ಲಿ ಆಳನ್ನು ಹೂಳುವಷ್ಟು ರದ್ದಿ. ಪಕ್ಕದಲ್ಲಿ ಅದನ್ನು ಕಡೆಯುವ ದೊಡ್ಡ ಟಾಂಕಿ. ಚುನಾವಣೆಯ ಕರಪತ್ರ, ಮದುವೆಯ ಕರೆಯೋಲೆ, ಟ್ಯೂಷನ್ ಕ್ಲಾಸಿನ ಜಾಹೀರಾತು, ಎಲ್ಲವೂ ಅದರೊಳಗೆ ಬಿದ್ದು ಬೂದಿ ಬಣ್ಣದ ಗಂಜಿಯಾಗುತ್ತಿದ್ದವು. ಬಲೆ ಹೊದಿಸಿದ ಅಚ್ಚು ಆ ಗಂಜಿಯೊಳಗೆ ಮುಳುಗುವುದು. ಹಿಂದಿನಿಂದ ಪಂಪು ಎಳೆಯುವುದು. ನೀರು ಬಲೆಯ ಮೂಲಕ ಹೋಗಿ ನಾರು ಮಾತ್ರ ಅಚ್ಚಿಗೆ ಅಂಟಿಕೊಂಡು ಮೇಲೆ ಬರುವುದು. ಒದ್ದೆಯಾದ ಆ ಸಿಪ್ಪೆಯನ್ನು ಬಿಡಿಸಿ ಒಣಗಿಸಿದರೆ ಮೊಟ್ಟೆ ಇಡುವ ಟ್ರೇ.

“ನನ್ನ ಟ್ರೇ ಇಲ್ಲದಿದ್ರೆ ಮಾಸ್ತ್ರೇ, ನವಿ ಮುಂಬೈಯ ಒಂದು ಮೊಟ್ಟೆಯೂ ಇಡಿಯಾಗಿ ಮನೆ ಮುಟ್ಲಿಕ್ಕಿಲ್ಲ.”

ಟ್ರೇಗಳನ್ನು ಪೇರಿಸುತ್ತಿದ್ದ ಅವನ ಹೆಂಡತಿ ಜಯಲತಾ ತಲೆಯೆತ್ತದೆ ಹೇಳಿದಳು: “ನೀವು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದ್ರೆ ಸಾಕು.”

ಬಡಾಯಿಗೆ ಅವನಲ್ಲಿ ಬರಗಾಲವೇ ಇರಲಿಲ್ಲ. ಕೋಪರಖೈರಣೆಯ ಮೊಟ್ಟೆ ವ್ಯಾಪಾರಿಯೊಬ್ಬನು ತನ್ನ ಟ್ರೇಗಳನ್ನು ನೋಡಿ ದಂಗಾದನೆಂದು ಹೇಳುತ್ತಿದ್ದನು. ಆ ವ್ಯಾಪಾರಿಯ ಅಂಗಡಿಗೆ ನಾನೂ ಹೋಗಿದ್ದೇನೆ. ಅವನು ಟ್ರೇಯನ್ನು ನೋಡುತ್ತಿರಲಿಲ್ಲ, ಮೊಟ್ಟೆಯನ್ನು ನೋಡುತ್ತಿದ್ದನು. ಮೊಟ್ಟೆ ಮುಗಿದ ಮೇಲೆ ಟ್ರೇಯನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದನು. ಈ ಸಂಗತಿ ಭುಜಂಗನಿಗೂ ಒಳಗೊಳಗೆ ತಿಳಿದಿತ್ತೆಂದು ಕಾಣುತ್ತದೆ. ಜನ ಎದುರಿಗಿಟ್ಟುಕೊಂಡು ನೋಡುವಂಥದ್ದೇನನ್ನಾದರೂ ಮಾಡಬೇಕೆಂಬ ಹುಚ್ಚು ಅವನಿಗೆ ಹಿಡಿದದ್ದು ಅದರಿಂದಲೇ.

ಅವನ ಹಿಂದಿನ ಬಾಳನ್ನು ಅವನ ಬಾಯಿಂದ ಕೇಳಿದರೆ, “ಮೊದಲು ಕೇಟರಿಂಗ್ ಲೈನಿನಲ್ಲಿದ್ದೆ,” ಎಂಬ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು. ನಿಜವಾಗಿ ಅವನು ಹೆಬ್ರಿಯ ಕಡೆಯಿಂದ ಮೀಸೆ ಮೂಡುವ ಮುಂಚೆ ಠಾಣೆಗೆ ಬಂದು, ಮಾಜಿವಾಡಾದ ಒಂದು ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ನಿಂತವನು. ಮುಹೂರ್ತದ ದಿನಗಳಲ್ಲಿ ಯಜಮಾನರು ಅವನನ್ನು ಮುಲುಂಡಿನಿಂದ ಕಲ್ಯಾಣದವರೆಗಿನ ಮದುವೆ ಹಾಲುಗಳಿಗೆ ಕಳಿಸುತ್ತಿದ್ದರು. ಸಾಂಬಾರಿನ ಬಕೆಟ್ಟು ಹಿಡಿದು ಒಂದು ಸಾಲನ್ನು ಮುಗಿಸುವುದರಲ್ಲಿ ಅವನ ಸರಿಸಾಟಿ ಯಾರೂ ಇರಲಿಲ್ಲವಂತೆ. ಮುಂದೆ ಮದುವೆಯಾಗಿ ದಿವಾದಲ್ಲಿ ಒಂದು ಕೋಣೆ ಹಿಡಿದು, ರದ್ದಿ ಅಂಗಡಿ ಇಟ್ಟು, ಅಲ್ಲಿಂದ ಈ ಶೆಡ್ಡಿಗೆ ಬಂದಿದ್ದನು.

ಥರ್ಮೋಕೋಲಿನ ತಟ್ಟೆಗಳನ್ನು ಸರಕಾರ ನಿಲ್ಲಿಸಿದ ಮೇಲೆ ನಮ್ಮ ಸಂಘದವರಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಹುಟ್ಟಿತು. ಒಂದು ಸಭೆ ಮಾಡಿದರು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛಗಳನ್ನು ಹಂಚಿ, ಪ್ಲಾಸ್ಟಿಕ್ ಬಾಟಲಿಯ ನೀರನ್ನು ಕುಡಿಯುತ್ತ, ಭೂಮಾತೆಯ ಗತಿಯೇನೆಂದು ಒಬ್ಬರಾದ ಮೇಲೊಬ್ಬರು ಮರುಗಿದರು. ಅರ್ಧ ಆಯುಷ್ಯ ಥರ್ಮೋಕೋಲಿನಲ್ಲಿ ಉಂಡು ಕಡಲ ಹಿನ್ನೀರಿನ ಖಾಡಿಗೆ ಎಸೆದವರೇ ಎಲ್ಲರೂ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಭುಜಂಗನೊಬ್ಬನೇ ಭಾಷಣವನ್ನು ನಿಜವೆಂದು ನಂಬಿದನು. ಹೊರಗೆ ಬಂದು ನನ್ನ ತೋಳು ಹಿಡಿದುಕೊಂಡನು.

“ಬಾಳೆ ಎಲೆ ಮಾಡ್ತೇನೆ ಮಾಸ್ತ್ರೇ. ಲಗ್ದಾದ ಬಾಳೆ ಎಲೆ. ಕೊಡಿ ಸಮೇತ.”

ಬಾಳೆ ಎಲೆಯ ಚೂಪಾದ ತುದಿಗೆ ಕರಾವಳಿಯವರು ಕೊಡಿ ಎನ್ನುತ್ತಾರೆ. ಅವನ ಎಣಿಕೆ ಕೆಟ್ಟದ್ದೇನಾಗಿರಲಿಲ್ಲ. ರದ್ದಿಯ ಶಾಯಿ ಊಟಕ್ಕೆ ಆಗದಾದ್ದರಿಂದ ಕಬ್ಬಿನ ಸಿಪ್ಪೆಯ ಶುದ್ಧ ಬಿಳಿ ಲಗ್ದಾವನ್ನು ತರಿಸುವುದು. ಕೊಡಿಯಿರುವ ಎಲೆಯ ಆಕಾರದಲ್ಲಿ ತಟ್ಟೆಯನ್ನು ಎತ್ತಿ, ಬಿಸಿ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡುವುದು. ಮೇಲಂಚಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳಿಗೆ ಸಾಲಾಗಿ ಗುಳಿಗಳನ್ನಿಡುವುದು. ನಡುವೆ ಕನ್ನಡದಲ್ಲಿ ‘ಶುಭ ಭೋಜನ’ ಎಂಬ ಉಬ್ಬಕ್ಷರ. ಆ ಅಕ್ಷರಗಳಿಗಾಗಿಯೇ ನನ್ನನ್ನು ರಬಾಳೆಯ ಅಚ್ಚಿನ ಕಾರ್ಖಾನೆಗೆ ಕರೆದೊಯ್ದನು. ‘ಬೋಜನ’ ಎಂದು ಕೊರೆದುಬಿಟ್ಟರೆ ಊರೆಲ್ಲ ನಗುತ್ತದೆ, ಭಕಾರದ ಸೀಳನ್ನು ನೀವು ನಿಂತು ಕೊರೆಯಿಸಬೇಕು ಎಂಬುದು ಅವನ ವಾದ.

ಅಚ್ಚು ಕೊರೆಯುವ ಬಸವಕುಮಾರ್ ಗದಗಿನ ಕಡೆಯವನು. ಭುಜಂಗ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ತಾನೇ ಬರೆದು ತಂದಿದ್ದ ಚಿತ್ರವನ್ನು ಅವನು ಮೇಜಿನ ಮೇಲೆ ಹರಡಿ, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿ ನೋಡಿದನು.

“ಉಣ್ಣಾಂವ ಎತ್ತಾಗ ಕುಂದರತಾನ್ರೀ ಇದಕ್ಕ?”

“ಗುಳಿ ಉಂಟಲ್ಲ, ಅದು ಅವನ ಆಚೆ ಬದಿಗೆ. ಕೊಡಿ ಬಲಕ್ಕೆ. ಚಿತ್ರದಲ್ಲಿ ಕಾಣುವುದಿಲ್ವಾ?”

“ಕಾಣತೈತ್ರಿ. ಆದ್ರ ನಮ್ಮ ಬೀಗರ ಮದುವ್ಯಾಗ ಎಡಕ್ಕ ಇದ್ದಂಗ ನೆಪ್ಪು…”

“ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ತಿನ್ನುವವರಿಗೆ ಎಲೆಯ ಸಂಗತಿ ಎಂತ ಗೊತ್ತು ಮಾರಾಯ್ರೇ? ಈ ಜನ್ಮದಲ್ಲಿ ನಾನು ನೋಡಿದಷ್ಟು ಎಲೆ ನೀವು ಮರದಲ್ಲಿಯೂ ನೋಡಿರ್ಲಿಕ್ಕಿಲ್ಲ. ಚಿತ್ರದಲ್ಲಿ ಇದ್ದ ಹಾಗೆ ಕೊರೆಯಿರಿ.”

“ಆತ್ ಬಿಡ್ರಿ. ಉಣ್ಣಾವ್ರು ನೀವು, ನಮಗ ಬರೇ ಅಲ್ಯೂಮಿನಿಯಂ,” ಎಂದು ಬಸವಕುಮಾರ್ ಚಿತ್ರವನ್ನು ಮಡಿಚಿಟ್ಟನು. ನಾನು ಬಂದ ಕೆಲಸವನ್ನು ಮಾಡಿದೆ. ಭಕಾರದ ಸೀಳು ಚೆನ್ನಾಗಿಯೇ ಬಂತು.

ಅಷ್ಟರಲ್ಲಿ ಭುಜಂಗನ ಮಗಳು ನಿಶ್ಮಿತಾಳ ಮದುವೆ ಗೊತ್ತಾಯಿತು. ಐರೋಳಿಯ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೂ ಹುಡುಗನೂ ತಾವೇ ನೋಡಿಕೊಂಡು ಒಪ್ಪಿದ್ದರು. ಹುಡುಗ ಸಮಿತ್ ಒಳ್ಳೆಯವನು. ಆದರೆ ಅವನ ತಂದೆ ಪೃಥ್ವಿರಾಜ್ ಯಾರೆಂದರೆ, ಭುಜಂಗ ಬಡಿಸಲು ನಿಂತಿದ್ದ ಆ ಮಾಜಿವಾಡಾದ ಹೋಟೆಲಿನ ಯಜಮಾನರ ಮಗ. ಹೋಟೆಲೂ ಮದುವೆ ಊಟದ ಗುತ್ತಿಗೆಯೂ ಈಗ ಅವರ ಕೈಯಲ್ಲಿದ್ದವು. ನಿಶ್ಚಯದ ದಿನ ಪೃಥ್ವಿರಾಜ್ ಸೋಫಾದ ಮೇಲೆ ಕಾಲು ಚಾಚಿ ಕುಳಿತು, ಬೀಗನನ್ನು ಹಿಂದಿನಂತೆಯೇ ಏಕವಚನದಲ್ಲಿ ಮಾತನಾಡಿಸಿದರು.

“ಭುಜಂಗಾ, ಊಟ ಬಫೆ ಇಟ್ಟುಬಿಡು. ನಿನಗೂ ಓಡಾಟ ಕಡಿಮೆ.”

“ಇಲ್ಲ ಸಣ್ಣ ಯಜಮಾನ್ರೇ. ಸಾಲಿನಲ್ಲಿ ಕೂರಿಸಿಯೇ ಹಾಕುವುದು. ನನ್ನದೇ ತಟ್ಟೆ. ಎಲ್ಲರೂ ನನ್ನ ತಟ್ಟೆಯಲ್ಲಿ ಉಣ್ಣಬೇಕು. ನೀವು ಮೊದಲು.”

“ಮೊಟ್ಟೆ ಇಡುವ ತಟ್ಟೆಯಲ್ಲಾ? ಗುಳಿಗೊಂದು ಇಡ್ಲಿ ಹಾಕ್ತೀಯೋ ಹೇಗೆ?”

ಸೋಫಾದ ಮೇಲಿದ್ದವರೆಲ್ಲರೂ ನಕ್ಕರು. ನಕ್ಕವರಲ್ಲಿ ಹೋಟೆಲು ಇಟ್ಟವರೇ ಹೆಚ್ಚು. ಅವರಲ್ಲಿ ಒಬ್ಬೊಬ್ಬರೂ ತಮ್ಮ ತಂದೆ ಯಾವ ಹೋಟೆಲಿನಲ್ಲಿ ಲೋಟ ತೊಳೆದರೆಂಬುದನ್ನು ಅಚ್ಚುಕಟ್ಟಾಗಿ ಮರೆತವರು. ನಿಶ್ಮಿತಾ ಒಳಗಿನಿಂದ, “ಪಪ್ಪಾ, ಪ್ಲೀಸ್, ಡ್ರಾಮಾ ಮತ್ ಕರೋ ನಾ,” ಎಂದು ಪಿಸುಗುಟ್ಟಿದಳು. ಭುಜಂಗನೂ ನಕ್ಕನು, ಆದರೆ ಕಿವಿಗಳು ಕೆಂಪಾಗಿದ್ದವು. ಅಂದಿನಿಂದ ಅವನಿಗೆ ಮಗಳ ಮದುವೆಗಿಂತಲೂ ಮದುವೆಯ ಊಟವೇ ದೊಡ್ಡದಾಯಿತು. ಇದ್ದಬದ್ದದ್ದನ್ನೆಲ್ಲ ಬಿಸಿ ಅಚ್ಚಿನ ಯಂತ್ರಕ್ಕೆ ಸುರಿದನು. ತಟ್ಟೆಗಳು ತಯಾರಾದಂತೆ ಪೆಟ್ಟಿಗೆಗಳಲ್ಲಿಟ್ಟು ಅಂಟುಪಟ್ಟಿ ಸುತ್ತಿಸಿದನು. “ಒಂದು ತೋರಿಸು,” ಎಂದರೆ, “ಎಲ್ಲರೂ ಒಟ್ಟಿಗೆ ನೋಡ್ಬೇಕು ಮಾಸ್ತ್ರೇ, ಆಗಲೇ ಅದಕ್ಕೆ ಗಮ್ಮತ್ತು,” ಎನ್ನುತ್ತಿದ್ದನು. ಹೆಂಡತಿಗೂ ತೋರಿಸಲಿಲ್ಲ. ಯಂತ್ರದ ಬಳಿ ದುಡಿಯುತ್ತಿದ್ದ ಬಿಹಾರದವರು ನೋಡಿದ್ದರು, ಅವರಿಗೆ ಅದು ಮೀನಿನಂತೆ ಕಂಡಿತಂತೆ.

ಮದುವೆ ಡೊಂಬಿವಲಿಯ ಒಂದು ಹಾಲಿನಲ್ಲಿ. ಧಾರೆಯಾಯಿತು, ಅಕ್ಷತೆ ಬಿತ್ತು. ಬಡಿಸುವ ಆಳುಗಳು ಭುಜಂಗ ಹೇಳಿಕೊಟ್ಟಿದ್ದಂತೆ ಗುಳಿಗಳನ್ನು ಆಚೆ ಬದಿಗಿಟ್ಟು, ಉದ್ದನೆಯ ಮೇಜುಗಳ ಮೇಲೆ ತಟ್ಟೆಗಳನ್ನು ಹರಡಿದರು. ಬೆಳ್ಳಗೆ, ಒಂದೇ ಅಳತೆಯವು. ದೂರದಿಂದ ನೋಡಲು ಚೆಂದವಾಗಿಯೇ ಇತ್ತು. ಮೊದಲ ಸಾಲಿನಲ್ಲಿ ಬೀಗರು. ನಡುವೆ ಪೃಥ್ವಿರಾಜ್. ಭುಜಂಗ ರೇಷ್ಮೆಯ ಶಲ್ಯವನ್ನು ಸರಿಪಡಿಸಿಕೊಳ್ಳುತ್ತ ಅವರ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದನು.

ಕೂಗು ಬಂದದ್ದು ಬೀಗರಿಂದಲ್ಲ, ಭುಜಂಗನ ಸ್ವಂತ ಅಕ್ಕ ಹರಿಣಾಕ್ಷಿಯಿಂದ. ಅವರಿಗೆ ನಾಲಿಗೆಯ ಮೇಲೆ ಹಿಡಿತ ಎಂದೂ ಇದ್ದುದಿಲ್ಲ.

“ಅಯ್ಯಯ್ಯೋ, ಇದೆಂತದು? ಕೊಡಿ ಬಲಕ್ಕೆ ಉಂಟಲ್ಲ! ಇದು ಬೊಜ್ಜದ ಎಲೆಯಾ?”

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆಯ ದಿನದ ಊಟ. ಶುಭದ ಊಟದಲ್ಲಿ ಎಲೆಯ ಕೊಡಿ ಉಣ್ಣುವವರ ಎಡಕ್ಕಿರಬೇಕು; ಅಶುಭದಲ್ಲಿ ತಿರುಗಿಸಿ ಹಾಕುತ್ತಾರೆ. ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಮುಂದೆ ನೋಡಿಕೊಂಡರು. ಉದ್ದಕ್ಕೂ ಕೊಡಿಗಳು ಬಲಕ್ಕೆ ಮುಖ ಮಾಡಿ ಮಲಗಿದ್ದವು.

ಆಗ ನೋಡಬೇಕಿತ್ತು ನಮ್ಮವರ ಧರ್ಮಶ್ರದ್ಧೆಯನ್ನು. ಬಫೆಗಳಲ್ಲಿ ಕೋಟು ಹಾಕಿಕೊಂಡು, ಕಾಲಿಗೆ ಬೂಟು ಮೆಟ್ಟಿಕೊಂಡು, ಒಂದು ಕೈಯಲ್ಲಿ ನೂಡಲ್ಸು ಮತ್ತೊಂದರಲ್ಲಿ ಫೋನು ಹಿಡಿದು ನಿಂತೇ ಉಣ್ಣುವ ಮಹನೀಯರೆಲ್ಲ ಕುರ್ಚಿ ಸರಿಸಿ ಎದ್ದರು. ಒಬ್ಬರು ತಮ್ಮ ಮನೆಯಲ್ಲಿ ಬೊಜ್ಜಕ್ಕೆ ಕೊಡಿಯನ್ನೇ ಕತ್ತರಿಸುವುದುಂಟೆಂದರು. ಇನ್ನೊಬ್ಬರು ಹಾಗಲ್ಲ, ಎಲೆಯನ್ನು ಕವುಚಿ ಹಾಕುವುದೆಂದರು. ಮೂರನೆಯವರು ಯಾರಿಗೋ ಫೋನು ಹಚ್ಚಿ ವಿಚಾರಿಸಿದರು. ಶಾಸ್ತ್ರವೇನೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ; ಅದು ಕೆಟ್ಟಿತೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

“ತಿರುಗಿಸಿ ಮಾರಾಯ್ರೇ, ತಟ್ಟೆ ತಿರುಗಿಸಿದ್ರೆ ಆಯ್ತಲ್ಲ!” ಎನ್ನುತ್ತ ಭುಜಂಗ ಓಡಿ ಬಂದು ಪೃಥ್ವಿರಾಜರ ತಟ್ಟೆಯನ್ನು ತಾನೇ ತಿರುಗಿಸಿದನು. ಕೊಡಿ ಎಡಕ್ಕೆ ಬಂತು. ಆದರೆ ಉಪ್ಪು, ಉಪ್ಪಿನಕಾಯಿಗಳ ಗುಳಿಗಳೆಲ್ಲ ಉಣ್ಣುವವರ ಹೊಟ್ಟೆಯ ಬದಿಗೆ ಬಂದವು. ನಡುವಿನ ‘ಶುಭ ಭೋಜನ’ ತಲೆಕೆಳಗಾಯಿತು. ಹೇಗೆ ತಿರುಗಿಸಿದರೂ ಒಂದು ಸರಿಯಾದರೆ ಇನ್ನೊಂದು ತಪ್ಪುತ್ತಿತ್ತು. ಭುಜಂಗ ಮತ್ತೆ ತಿರುಗಿಸಿದನು, ಮತ್ತೆ ಮರಳಿಸಿದನು.

“ಬಿಡು ಭುಜಂಗಾ,” ಎಂದರು ಪೃಥ್ವಿರಾಜ್, ಎಲ್ಲರಿಗೂ ಕೇಳುವ ಹಾಗೆ. “ನೀನು ಬಡಿಸು, ಅದು ನಿನಗೆ ಬರ್ತದೆ. ತಟ್ಟೆ ಮಾಡುವುದು ನಿನಗೆ ಹೇಳಿದ್ದಲ್ಲ.”

ಕಲ್ಯಾಣದ ಮಾರುಕಟ್ಟೆಗೆ ಟೆಂಪೋ ಓಡಿತು. ಎಲೆ ಬರುವಷ್ಟರಲ್ಲಿ ಅನ್ನ ಆರಿತು, ಮಕ್ಕಳು ಅತ್ತರು, ಹಿರಿಯರು ಶಾಸ್ತ್ರವನ್ನು ಮರೆತು ಹಸಿವನ್ನು ನೆನೆದರು. ಎಲೆ ಬಂದ ಮೇಲೆ ಆಳುಗಳು ಗಾಬರಿಯಲ್ಲಿ ಪಾಯಸವನ್ನು ಮೊದಲು ತಂದರು, ಉಪ್ಪನ್ನು ಮರೆತರು. ಭುಜಂಗ ಒಂದು ಗಳಿಗೆ ನೋಡಿದನು. ಶಲ್ಯವನ್ನು ಸೊಂಟಕ್ಕೆ ಬಿಗಿದುಕೊಂಡು, ಒಬ್ಬನ ಕೈಯಿಂದ ಬಕೆಟ್ಟನ್ನು ಕಿತ್ತುಕೊಂಡನು.

ಅವನು ಬಡಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬಡಾಯಿಯಿಲ್ಲ, ಮಾತಿಲ್ಲ. ಸಾಲಿನ ಎದುರಿಗೆ ಬಾಗಿದ ಬೆನ್ನಿನಲ್ಲಿ ಹಿಂದಕ್ಕೊಮ್ಮೆಯೂ ನೋಡದೆ ಸರಿಯುತ್ತಿದ್ದನು. ಕೈ ತಾನಾಗಿ ಬಕೆಟ್ಟಿಗೆ ಹೋಗಿ ತಾನಾಗಿ ಎಲೆಗೆ ಬರುತ್ತಿತ್ತು. ಬೀಗರೆಲ್ಲ ಹೊಟ್ಟೆ ತುಂಬ ಉಂಡರು. ಪೃಥ್ವಿರಾಜ್ ಇನ್ನೊಂದು ಸಲ ಸಾರು ಹಾಕಿಸಿಕೊಂಡರು. ಮದುಮಗಳ ತಂದೆ ತಮಗೆ ಬಡಿಸುತ್ತಿದ್ದಾನೆಂಬುದು ಅವರಿಗೆ ವಿಚಿತ್ರವಾಗಿ ಕಾಣಲೇ ಇಲ್ಲ.

ಕೊನೆಯ ಸಾಲಿನಲ್ಲಿ ಮನೆಯವರು ಕುಳಿತರು. ಹರಿಣಾಕ್ಷಿಯವರ ಎಲೆಯ ಮುಂದೆ ಭುಜಂಗ ಬಂದಾಗ ಅವರು ಅನ್ನದ ಮೇಲೆ ಕೈ ಅಡ್ಡ ಹಿಡಿದರು.

“ನಿಲ್ಲು. ಈ ಎಲೆಯ ಕೊಡಿ ಯಾವ ಕಡೆ ಉಂಟು?”

“ಇನ್ನೂ ಸಾಕಾಗ್ಲಿಲ್ವಾ ಅಕ್ಕಾ ನಿನಗೆ? ಬಲಕ್ಕೆ ಉಂಟು.”

“ನನಗೆ ಎಡಕ್ಕೆ ಉಂಟು.”

ಭುಜಂಗ ಎಲೆಯನ್ನು ನೋಡಿದನು. ಅಕ್ಕನನ್ನು ನೋಡಿದನು. ಎದುರಿಗೆ ನಿಂತವನ ಬಲವೆಂದರೆ ಕುಳಿತವರ ಎಡ. ಉಪ್ಪಿನ ಸಾಲು ಉಣ್ಣುವವರ ಆಚೆ ಬದಿಗಿರಬೇಕೆಂಬುದು ಅವನಿಗೆ ತಿಳಿದೇ ಇತ್ತು, ಅದನ್ನು ಸರಿಯಾಗಿ ಬರೆದಿದ್ದನು. ಕೊಡಿಯನ್ನು ಮಾತ್ರ ತಾನು ಜನ್ಮವೆಲ್ಲ ಕಂಡ ಕಡೆಗೇ ಬರೆದುಬಿಟ್ಟಿದ್ದನು.

“ಎಷ್ಟು ಮದುವೆಗೆ ಹೋಗಿದ್ದೀಯಾ ಮಾರಾಯಾ,” ಎಂದು ಹರಿಣಾಕ್ಷಿ ಕೇಳಿದರು. ಅವರ ದನಿ ತಗ್ಗಿತ್ತು. “ಒಂದು ದಿನವಾದ್ರೂ ಈ ಬದಿಗೆ ಕೂತಿದ್ದಿಯಾ?”

“ಕೂರ್ಲಿಕ್ಕೆ ಪುರುಸೊತ್ತು ಎಲ್ಲಿತ್ತು? ಕೊನೆಗೆ ಅಡುಗೆಮನೆ ಹಿಂದೆ ಏನಾದ್ರೂ ಉಳಿದದ್ದು…” ಎಂದು ಆರಂಭಿಸಿದವನು ಅಲ್ಲಿಯೇ ನಿಲ್ಲಿಸಿ, “ಅನ್ನ ಹಾಕ್ಲಾ ಬೇಡ್ವಾ, ಹೇಳು,” ಎಂದನು.

ಜಯಲತಾ ಎದ್ದು ಅವನ ಕೈಯ ಬಕೆಟ್ಟನ್ನು ತೆಗೆದು ಕೆಳಗಿಟ್ಟಳು. ಅವನು ಮತ್ತೆ ಎತ್ತಿಕೊಂಡನು. ಆ ದಿನ ಅವನು ಕೂರಲಿಲ್ಲ.

ಊರಿನವರಿಗೆ ಹೊಸ ಹೆಸರು ಸಿಕ್ಕಿತು: ಬೊಜ್ಜದ ಭುಜಂಗ. ಸಂಘದ ಮಹನೀಯರು ರೈಲಿನ ಡಬ್ಬಿಯಲ್ಲಿ ಈ ಕಥೆಯನ್ನು ಹೇಳಿ ಹೇಳಿ ಸವೆಯಿಸಿದರು. ಉಳಿದ ಪೆಟ್ಟಿಗೆಗಳು ಶೆಡ್ಡಿನ ಗೋಡೆಗೆ ಒರಗಿ ನಿಂತವು. ಅವನ್ನು ನೆನೆಯಿಸಿ ಮತ್ತೆ ಲಗ್ದಾ ಮಾಡಿಬಿಡಿ ಎಂದು ಜಯಲತಾ ಹೇಳಿದರೆ, “ನೋಡುವ,” ಎನ್ನುತ್ತಿದ್ದನು. ಮೊಟ್ಟೆಯ ಟ್ರೇಗಳನ್ನು ಮಾಡಿಕೊಂಡು, ಕಂಡವರೊಡನೆ ಮಾತಾಡದೆ ಕೆಲವು ಕಾಲ ಕಳೆದನು. ಭುಜಂಗನ ಬಡಾಯಿ ಇಲ್ಲದ ಡೊಂಬಿವಲಿ ಸ್ಟೇಷನ್ನಿನಲ್ಲಿ ನನಗೆ ಗಾಡಿಗಳು ತಪ್ಪದೆ ಸಿಕ್ಕುತ್ತಿದ್ದವು. ಅದರಿಂದ ನನಗೆ ಸಂತೋಷವೇನೂ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ಪೃಥ್ವಿರಾಜರ ತಂದೆ, ಮಾಜಿವಾಡಾದ ದೊಡ್ಡ ಯಜಮಾನರು, ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಬೊಜ್ಜಕ್ಕೆ ದಿನ ಹತ್ತಿರವಾದಾಗ ಪೃಥ್ವಿರಾಜರ ಫೋನು ಬಂತು. ನಾನು ಆಗ ಶೆಡ್ಡಿನಲ್ಲಿಯೇ ಇದ್ದೆ.

“ಭುಜಂಗಾ, ಆ ಉಲ್ಟಾ ತಟ್ಟೆಗಳು ಇನ್ನೂ ಉಂಟಾ? ಮಾರ್ಕೆಟಿನಲ್ಲಿ ಎಲೆಯೇ ಇಲ್ಲ. ಕಳಿಸಿಬಿಡು.”

ಭುಜಂಗ ಗೋಡೆಗೆ ಒರಗಿದ್ದ ಪೆಟ್ಟಿಗೆಗಳತ್ತ ತಿರುಗಿ ನೋಡಿದನು. ಬೇಕೆಂದಾಗ ಮರ್ಯಾದೆ ತೆಗೆದು, ಬೇಕೆಂದಾಗ ಮಾಲು ಕೇಳುವ ಈ ಜನರ ಮುಖಕ್ಕೆ ಫೋನಿಡಬಾರದೇ ಎಂದು ನನ್ನ ಬಾಯಿಗೆ ಬಂದಿತ್ತು.

“ಉಂಟು ಪೃಥ್ವಿ ಭಾವ,” ಎಂದನು ಭುಜಂಗ. ಸಣ್ಣ ಯಜಮಾನ್ರೇ ಎಂಬ ಮಾತನ್ನು ಅವನು ಅಂದು ಬಿಟ್ಟದ್ದು, ಮತ್ತೆ ಹಿಡಿಯಲಿಲ್ಲ. “ಆದರೆ ಅದರಲ್ಲಿ ಶುಭ ಭೋಜನ ಅಂತ ಬರೆದುಂಟು. ಸಾವಿನ ಮನೆಗೆ ಅದು ಹೋಗಬಾರದು. ದೊಡ್ಡ ಯಜಮಾನರಿಗೆ ಹೊಸತೇ ತೆಗೆದುಕೊಡ್ತೇನೆ.”

ಅಂದೇ ರಬಾಳೆಗೆ ಹೋದನು. ಬಸವಕುಮಾರ್ ಅಚ್ಚಿನಲ್ಲಿ ನಾನು ಕೊರೆಯಿಸಿದ್ದ ಅಕ್ಷರಗಳನ್ನು, ಭಕಾರದ ಸೀಳಿನ ಸಮೇತ, ತುಂಬಿ ನುಣ್ಣಗೆ ಉಜ್ಜಿಕೊಟ್ಟನು.

ಬೊಜ್ಜದ ದಿನ ಹೋಟೆಲು ಇಟ್ಟವರೆಲ್ಲರೂ ಬಂದಿದ್ದರು. ಮದುವೆಯ ಹಾಲಿನಲ್ಲಿ ಕುರ್ಚಿ ಸರಿಸಿ ಎದ್ದವರೇ ಎಲ್ಲರೂ. ಬಿಳಿಯ ತಟ್ಟೆಗಳು ಸಾಲಾಗಿ ಬಿದ್ದಿದ್ದವು, ಕೊಡಿಗಳು ಬಲಕ್ಕೆ. ಒಬ್ಬರೂ ಉಸಿರೆತ್ತಲಿಲ್ಲ. “ಒಳ್ಳೆ ಗಟ್ಟಿ ಉಂಟಲ್ಲ, ಸಾರು ಸೋರುವುದಿಲ್ಲ,” ಎಂದು ಒಬ್ಬರು ತಟ್ಟೆಯ ಬೆನ್ನನ್ನು ಬೆರಳಿನಿಂದ ಬಡಿದು ನೋಡಿದರು. ಪೃಥ್ವಿರಾಜ್ ತಲೆ ಬೋಳಿಸಿಕೊಂಡು ನಡುವೆ ಕುಳಿತಿದ್ದರು. ಭುಜಂಗನ ತಟ್ಟೆಯಲ್ಲಿ ಅವರು ಅನ್ನವನ್ನು ಕಲಸಿ ಮೊದಲ ತುತ್ತನ್ನು ಎತ್ತಿದ್ದನ್ನು ನಾನು ನೋಡಿದೆ. ಭುಜಂಗ ಬಾಗಿಲಲ್ಲಿ ನಿಂತು ನೋಡುತ್ತಿದ್ದನು. ಅವನು ಬಯಸಿದ್ದು ಅದೇ. ಆದರೆ ಅವನ ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ. ಮೊದಲು ಅನ್ನ ಹಾಕಿದ ಯಜಮಾನರ ಪಟಕ್ಕೆ ಕೈಮುಗಿದು ಕಣ್ಣೊರಸಿಕೊಂಡನು. ಅಭ್ಯಾಸಬಲದಿಂದ ಬಕೆಟ್ಟಿನತ್ತ ಹೋಗುತ್ತಿದ್ದವನನ್ನು ಮಗಳು ನಿಶ್ಮಿತಾ ತಡೆದಳು.

“ಪಪ್ಪಾ, ನೀವು ಈ ಮನೆಯ ರಿಲೇಟಿವ್. ಬೈಠೋ.”

ಮಾವ ಕುಳಿತುಕೊಳ್ಳಲೆಂದು ಸಮಿತ್ ಕುರ್ಚಿಯನ್ನು ಎಳೆದು ಹಿಡಿದನು. ಭುಜಂಗ ಪೃಥ್ವಿರಾಜರಿಗೆ ಎರಡು ಕುರ್ಚಿಗಳಾಚೆ ಕುಳಿತನು. ಯಾರೋ ಅವನಿಗೆ ಬಡಿಸಿದರು. ಉಪ್ಪನ್ನು ತಪ್ಪು ಗುಳಿಗೆ ಹಾಕಿದರು. ಅವನು ಅದನ್ನೇ ಬೆರಳಿನಲ್ಲಿ ತೆಗೆದುಕೊಂಡು ಅನ್ನ ಕಲಸಿದನು.

ಅಲ್ಲಿಂದ ಅವನ ತಟ್ಟೆಯ ದಂಧೆ ಕಾಲೂರಿ ನಿಂತಿತು. ಸಾವು ಬಫೆಗೆ ಒಗ್ಗುವುದಿಲ್ಲವಲ್ಲ; ಬೊಜ್ಜದ ದಿನ ಮಾತ್ರ ನಮ್ಮವರು ಇನ್ನೂ ಸಾಲಿನಲ್ಲಿ ಕುಳಿತೇ ಉಣ್ಣುತ್ತಾರೆ. ಬಂದವರೆಲ್ಲ ಅವನ ವಿಳಾಸವನ್ನು ಕೇಳಿಕೊಂಡು ಹೋದರು, ಹೊರಗೆ ಹೋಗಿ ಮತ್ತೆ ಬೊಜ್ಜದ ಭುಜಂಗನೆಂದು ನಕ್ಕರು. ಕೊಡಿ ಎಡಕ್ಕಿರುವ ಇನ್ನೊಂದು ಅಚ್ಚನ್ನೂ ಅವನು ಮಾಡಿಸಿದ್ದಾನೆ. ಅದರ ಚಿತ್ರವನ್ನು ಕೊಟ್ಟಾಗ ಬಸವಕುಮಾರ್, “ನಿಂತು ಬರದೀರೋ, ಕುಂತು ಬರದೀರೋ?” ಎಂದು ಕೇಳಿದನಂತೆ. ಮದುವೆಗೂ ಈಗೀಗ ಕೆಲವರು ಒಯ್ಯುತ್ತಾರೆ.

ಈಗ ಫೋನು ಬಂದರೆ ಅವನ ಮೊದಲ ಪ್ರಶ್ನೆ, “ಶುಭವೋ, ಬೊಜ್ಜವೋ?” ತಟ್ಟೆಯ ಪೆಟ್ಟಿಗೆಗಳನ್ನು ಆಳುಗಳ ಕೈಯಲ್ಲಿ ಕಳಿಸುವುದಿಲ್ಲ, ಠಾಣೆಯಾಗಲಿ ಕಲ್ಯಾಣವಾಗಲಿ, ಟೆಂಪೋದಲ್ಲಿ ತಾನೇ ಕುಳಿತು ಹೋಗುತ್ತಾನೆ. ಮೊದಲ ಸಾಲಿಗೆ ತಟ್ಟೆಗಳನ್ನು ಹಾಕಿಸಿ, ಜನ ಬರುವ ಮುಂಚೆ ನಡುವಿನ ಕುರ್ಚಿಯಲ್ಲಿ ತಾನೊಬ್ಬನೇ ಕುಳಿತುಕೊಳ್ಳುತ್ತಾನೆ. ಕೊಡಿಯನ್ನು ನೋಡುತ್ತಾನೆ, ಗುಳಿಗಳ ಮೇಲೆ ಬೆರಳಾಡಿಸುತ್ತಾನೆ. ಕಳೆದ ವಾರ ಕೋಪರಖೈರಣೆಯ ಒಂದು ಹಾಲಿನಲ್ಲಿ ಹೀಗೆ ಕುಳಿತಿದ್ದಾಗ ಅಡುಗೆಯ ಗುತ್ತಿಗೆಯವನು ಗದರಿದನು: “ಯಾರ್ರೀ ಅದು, ಬೀಗರು ಬರುವ ಮುಂಚೆಯೇ ಊಟಕ್ಕೆ ಕೂತಿರುವುದು?”

“ಮ್ಯಾನೇಜಿಂಗ್ ಡೈರೆಕ್ಟರು,” ಎಂದನು ಭುಜಂಗ, ಏಳದೆಯೇ.